ಟ್ಯಾಂಕಿನ ಅಡಿಭಾಗಕ್ಕೆ ನಾನೇ ಸಾಕ್ಷಿ

ನನಗೆ ಬರಬೇಕಾದ ಬಾಕಿ ಇನ್ನೂ ಬಂದಿಲ್ಲ. ಒಂದು ಚಹಾ ಸೋಸುವ ಜರಡಿ, ಓದುವ ಕನ್ನಡಕದ ಒಂದು ಸ್ಕ್ರೂ, ರಕ್ತದೊತ್ತಡದ ಮಾತ್ರೆಗಳ ಮೇಲಿದ್ದ ಬೆಳ್ಳಿಕಾಗದ (ಮಾತ್ರೆಗಳು ಈಗ ಡಬ್ಬಿಯಲ್ಲಿ ಬತ್ತಲೆಯಾಗಿ ಬಿದ್ದಿವೆ), ಮತ್ತು ನನ್ನ ಕೈಮೈಕಿನ ಹೊಟ್ಟೆಯೊಳಗಿದ್ದ ತಾಮ್ರದ ತಂತಿ. ಸಾಲಗಾರಳು ನನ್ನ ಹೆಂಡತಿ. ಕಾರ್ಖಾನೆಗಳ ಗೇಟಿನ ಮುಂದೆ ವಾರಗಟ್ಟಲೆ ಕೂತು, ಮಂದಿಯ ಬಾಕಿ ಕೂಲಿಯನ್ನು ಮಾಲೀಕರ ಗಂಟಲಿಗೆ ಕೈ ಹಾಕಿ ಈಚೆ ತೆಗೆಸಿದವನು ನಾನು. ಸ್ವಂತ ಅಡುಗೆಮನೆಯಿಂದ ಒಂದು ಜರಡಿ ವಸೂಲು ಮಾಡಲು ಆಗಲಿಲ್ಲ.

"ಜರಡಿ ಎಲ್ಲಿ ಹೋಯ್ತೇ?" ಎಂದು ಒಂದು ಬೆಳಿಗ್ಗೆ ಕೇಳಿದೆ. ಬಾಯಿತುಂಬ ಚಹಾಸೊಪ್ಪು ಬಂದಿತ್ತು.

"ಎಂಜಿನ್ ಮೇಲೆ," ಎಂದಳು ತಲೆ ಎತ್ತದೆ.

"ಯಾರ ಎಂಜಿನ್?"

"ಟ್ಯಾಂಕಿಂದು. ಗಾಳಿ ಹೋಗಕ್ಕೆ ಬಲೆ ಬೇಡ್ವಾ? ಡಬ್ಬಿಯಲ್ಲಿ ಬಂದಿರೋ ಪ್ಲಾಸ್ಟಿಕ್ಕಿನ ಬಲೆ ದೋಸೆಕಾವಲಿ ಥರ ಇದೆ. ತೂತೇ ಇಲ್ಲ. ನಿಮ್ಮ ಚಹಾದ ಜರಡಿ ಅಳತೆಗೆ ಹೇಳಿ ಮಾಡಿಸಿದಂಗಿತ್ತು."

ಇಲ್ಲಿ ಓದುಗರಿಗೆ ಒಂದು ವಿವರಣೆ ಕೊಡಬೇಕು. ಇದು ಮಾಳಿಗೆಯ ಮೇಲೆ ಕೂರಿಸುವ ನೀರಿನ ಟ್ಯಾಂಕಲ್ಲ. ಯುದ್ಧದ ಟ್ಯಾಂಕು. ತೋಪು, ಸರಪಳಿ ಗಾಲಿ, ಗೋಪುರ ಎಲ್ಲ ಇರುವ ಶುದ್ಧ ದಬ್ಬಾಳಿಕೆಯ ಯಂತ್ರ. ಮೂವತ್ತೈದರಲ್ಲಿ ಒಂದು ಪಾಲಿನ ಅಳತೆಗೆ ಇಳಿದು, ನನ್ನ ಊಟದ ಮೇಜಿನ ಮೇಲೆ, ನನ್ನ ತಟ್ಟೆ ಇರಬೇಕಾದ ಜಾಗದಲ್ಲಿ ಬೀಡುಬಿಟ್ಟಿತ್ತು. ಜೀವಮಾನವಿಡೀ ಟ್ಯಾಂಕುಗಳ ವಿರುದ್ಧ ಗಂಟಲು ಹರಿದುಕೊಂಡವನ ಮನೆಯಲ್ಲಿ! ಅದೂ ಅಂಥಿಂಥ ಟ್ಯಾಂಕಲ್ಲ. ವರ್ಷಗಳ ಹಿಂದೆ ಚಳವಳಿ ಅಡಗಿಸಲು ಸೇನೆ ಬಂದಾಗ, ಊರಿನ ದೊಡ್ಡ ಚೌಕದಲ್ಲಿ ನಾವು ಮಲಗಿ ತಡೆದ ಟ್ಯಾಂಕು ಇತ್ತಲ್ಲ, ಅದೇ ಜಾತಿಯದು.

ನಾನು ಸುಮ್ಮನಿರುವ ಪೈಕಿ ಅಲ್ಲ. ಮೇಜು ಗುದ್ದಿ ಅಂತಿಮ ಎಚ್ಚರಿಕೆ ಕೊಟ್ಟೆ. "ನೋಡು, ಈ ಮನೆಯಲ್ಲಿ ಒಂದೋ ಆ ಟ್ಯಾಂಕು ಇರಬೇಕು, ಇಲ್ಲ ನಾನಿರಬೇಕು."

ಅವಳು ಭೂತಗನ್ನಡಿಯನ್ನು ಹಣೆಗೆ ಏರಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಟ್ಯಾಂಕನ್ನು ನೋಡಿದಳು.

"ಟ್ಯಾಂಕು ಕಮ್ಮಿ ಜಾಗ ತಗೊಳ್ಳುತ್ತೆ ರೀ."

ನನ್ನ ಹೆಂಡತಿ ದುಡಿದದ್ದು ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಸರಿಯಾಗಿ ದವಡೆ, ಒಸಡು, ಹಲ್ಲು ಮಾಡಿ ಕೊಡುವ ಕೆಲಸ. ಅರ್ಧ ಊರು ಅವಳು ಮಾಡಿದ ಹಲ್ಲಿನಲ್ಲಿ ನಗುತ್ತದೆ. ನನ್ನ ಬಾಯಲ್ಲಿರುವುದೂ ಅವಳದೇ. (ಅವಳು ಕೊಟ್ಟ ಹಲ್ಲನ್ನು ಅವಳ ಮೇಲೆಯೇ ಕಡಿಯುವುದು ಹೇಗೆ, ನೀವೇ ಹೇಳಿ.) ಕೆಲಸ ಬಿಟ್ಟ ಮೇಲೂ ಆ ಬೆರಳುಗಳು ಬಿಡುವು ಕೇಳಲಿಲ್ಲ. ಮೇಣ ಕೆತ್ತುವ ಸಣ್ಣ ಚಾಕು, ಚಿಮುಟ, ತೆಳು ಅರಗಳು, ಎಲ್ಲವೂ ಒಂದು ಪೆಟ್ಟಿಗೆಯಲ್ಲಿ ಕಾಯುತ್ತಿದ್ದವು. ಆಟಿಕೆ ಅಂಗಡಿಯಿಂದ ಟ್ಯಾಂಕಿನ ಡಬ್ಬಿ ಬಂದದ್ದೇ ತಡ, ಪೆಟ್ಟಿಗೆ ಬಾಯಿ ತೆರೆಯಿತು.

ಡಬ್ಬಿಯಲ್ಲಿದ್ದದ್ದನ್ನು ಅಂಟಿಸಿ ಬಣ್ಣ ಬಳಿದಿದ್ದರೆ ಒಂದು ವಾರದ ಕೆಲಸ. ಅವಳಿಗೆ ಅದು ಒಗ್ಗಲಿಲ್ಲ. ಕೈಹಿಡಿಗಳು ಮೈಗೇ ಅಂಟಿಕೊಂಡ ಗಂಟಿನಂತಿವೆ ಎಂದು ಕೆತ್ತಿ ಬಿಸಾಡಿದಳು. ತಂತಿ ಬಗ್ಗಿಸಿ ಹೊಸದು ಮಾಡಿದಳು. ಬೋಲ್ಟಿನ ತಲೆಗಳು ಸವೆದ ಹಲ್ಲಿನಂತಿವೆ ಎಂದಳು. ಇಂಜೆಕ್ಷನ್ ಸೂಜಿಯ ತುದಿಯನ್ನು ಅರದಿಂದ ಸಮ ಮಾಡಿ, ಅದರಿಂದ ಐಸ್‌ಕ್ರೀಂ ಡಬ್ಬಿಯ ಮುಚ್ಚಳವನ್ನು ಚುಚ್ಚಿ ಚುಚ್ಚಿ ಸಾಸಿವೆಗಿಂತ ಸಣ್ಣ ಬಿಲ್ಲೆಗಳನ್ನು ಉದುರಿಸಿದಳು. ಅವೇ ಬೋಲ್ಟುಗಳು. ಒಮ್ಮೆ ನಾನು ಸೀನಿದೆ. ಟ್ಯಾಂಕಿನ ಬಲಮಗ್ಗುಲಿನ ಅಷ್ಟೂ ಬೋಲ್ಟುಗಳು ಗಾಳಿಗೆ ಹಾರಿ, ಕೆಲವು ನನ್ನ ಗಡ್ಡದಲ್ಲಿ ಸಿಕ್ಕಿಕೊಂಡವು. ಕಿಟಕಿಯ ಬೆಳಕಿಗೆ ಕೂರಿಸಿ, ಚಿಮುಟದಿಂದ ಒಂದೊಂದನ್ನೇ ಹೆಕ್ಕಿ ವಾಪಸು ತೆಗೆದುಕೊಂಡಳು. ಇಷ್ಟು ವರ್ಷಗಳಲ್ಲಿ ಅವಳು ನನ್ನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದು ಅಂದೇ.

"ಯಾಕೇ ಈ ಹುಚ್ಚು?" ಎಂದು ಕೇಳಿದೆ. ಗಡ್ಡ ಅವಳ ಕೈಯಲ್ಲಿದ್ದುದರಿಂದ ಮೆಲ್ಲಗೆ ಕೇಳಿದೆ.

"ತಮ್ಮನಿಗೆ," ಎಂದಳು.

ಅವಳ ತಮ್ಮ, ಅಂದರೆ ನನ್ನ ಭಾಮೈದ, ಸೇನೆಯಲ್ಲಿ ಟ್ಯಾಂಕ್ ಓಡಿಸುತ್ತಿದ್ದವನು. ಚೌಕದ ಘಟನೆಯಾದ ಮೇಲೆ ಒಂದು ದಿನ ಇದೇ ಮೇಜಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ನಾನು ಎಂದಿನಂತೆ ಕಥೆ ಶುರುಮಾಡಿದೆ. ನಾವು ಹೇಗೆ ಮಲಗಿದೆವು, ಉಕ್ಕಿನ ಪರ್ವತ ಹೇಗೆ ನಮ್ಮೆದುರು ನಿಂತುಬಿಟ್ಟಿತು, ಒಳಗಿದ್ದ ಡ್ರೈವರ್ ಹೇಗೆ ಗಡಗಡ ನಡುಗಿಹೋದ ಎಂದೆಲ್ಲ. ಭಾಮೈದ ತಟ್ಟೆಯಿಂದ ಕೈ ತೆಗೆದ. "ಆ ಡ್ರೈವರ್ ನಾನೇ ಭಾವ," ಎಂದು ಎದ್ದು ಹೋದ. ಅಂದು ಹೋದವನು ಈ ಹೊಸಿಲು ತುಳಿದಿಲ್ಲ. ಅಕ್ಕನಿಗೆ ಫೋನು ಮಾಡುತ್ತಾನೆ. ನಾನು ಎತ್ತಿದರೆ ಇಟ್ಟುಬಿಡುತ್ತಾನೆ. ನನಗೇನೂ ಪಶ್ಚಾತ್ತಾಪ ಇರಲಿಲ್ಲ. ನಡುಗಿದವನು ನಡುಗಿದ ಎಂದರೆ ತಪ್ಪೇನು?

"ಅವನ ಕಣ್ಣಿನ ನರ ಒಣಗ್ತಾ ಇದೆಯಂತೆ," ಎಂದಳು ಅವಳು, ನನ್ನ ಗಡ್ಡದಿಂದ ಕೊನೆಯ ಬೋಲ್ಟು ತೆಗೆಯುತ್ತ. "ಡಾಕ್ಟರು ಹೇಳಿದಾರೆ, ಇನ್ನು ಸ್ವಲ್ಪ ದಿನ ಅಷ್ಟೇ. ಆಮೇಲೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತೆ. ಅಷ್ಟರಲ್ಲಿ ಅವನು ಒಂದು ಸಲ ಈ ಮೇಜಿಗೆ ಬಂದು ಕೂರಬೇಕು ರೀ. ಬಾ ಅಂದ್ರೆ ಬರಲ್ಲ. ನಿನ್ನ ಟ್ಯಾಂಕು ಇಲ್ಲಿದೆ, ಬಂದು ನೋಡು ಅಂದ್ರೆ ಬರ್ತಾನೆ."

"ಅವನ ಮನೆಗೇ ತಗೊಂಡು ಹೋಗಿ ಕೊಡು."

"ಟ್ಯಾಂಕು ತಲುಪುತ್ತೆ. ತಮ್ಮ ಇಲ್ಲಿಗೆ ತಲುಪಲ್ಲ."

ನಾನು ಗಡ್ಡ ಕೊಡವಿಕೊಂಡು ಎದ್ದೆ.

ಒಂದು ತೊಡಕಿತ್ತು. ಪುಸ್ತಕಗಳಲ್ಲಿ ಸಿಗುವುದು ಆ ಜಾತಿಯ ಟ್ಯಾಂಕುಗಳ ಚಿತ್ರ. ಅವಳಿಗೆ ಬೇಕಾದದ್ದು ಆ ಒಂದು ಟ್ಯಾಂಕು. ಹಲ್ಲು ಮಾಡುವವಳಿಗೆ "ಮನುಷ್ಯನ ಹಲ್ಲು" ಎಂದರೆ ಅರ್ಥವಿಲ್ಲ. ಯಾರ ಹಲ್ಲು, ಯಾವ ಕಡೆಯದು, ಯಾವ ಮೂಲೆ ಮುರಿದಿದೆ ಎಂದು ಕೇಳುತ್ತಾಳೆ. ತಮ್ಮನನ್ನು ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಆ ಟ್ಯಾಂಕನ್ನು ಹತ್ತಿರದಿಂದ, ಮಧ್ಯಾಹ್ನದಿಂದ ಸಂಜೆಯ ತನಕ ಕಣ್ಣು ಮಿಟುಕಿಸದೆ ನೋಡಿದ ಇನ್ನೊಬ್ಬ ಪ್ರತ್ಯಕ್ಷ ಸಾಕ್ಷಿ ಮನೆಯಲ್ಲೇ ಚಹಾಸೊಪ್ಪು ಉಗುಳುತ್ತ ನಿಂತಿದ್ದ.

ಹೀಗೆ ನಾನು, ಶಸ್ತ್ರಾಸ್ತ್ರಗಳ ಹುಟ್ಟಾ ವೈರಿ, ಟ್ಯಾಂಕ್ ನಿರ್ಮಾಣ ಇಲಾಖೆಯ ಮುಖ್ಯ ಸಲಹೆಗಾರನಾಗಿ ನೇಮಕವಾದೆ.

"ಸರಿ ಹೇಳಿ. ಗೋಪುರ ಹೇಗಿತ್ತು?"

"ಕಾಣ್ತಿರಲಿಲ್ಲ."

"ತೋಪು?"

"ಮೇಲೆಲ್ಲೋ ಇತ್ತು."

"ಹೆಡ್‌ಲೈಟು ಯಾವ ಕಡೆದು ಒಡೆದಿತ್ತು? ಎಡದ್ದಾ?"

"ಎಡದಲ್ಲಿ ನಾವಿದ್ವಿ. ಟ್ಯಾಂಕು ಯಾವತ್ತಿದ್ರೂ ಬಲ."

"ಭಾಷಣ ಬೇಡ. ಏನು ನೋಡಿದ್ರಿ ಅಷ್ಟು ಹೊತ್ತು?"

"ತಲೆ ಟ್ಯಾಂಕಿನ ಕಡೆಗಿಟ್ಟು ಅಂಗಾತ ಮಲಗಿದ್ದೆ ಕಣೇ. ಹೊಟ್ಟೆ ನೋಡಿದೆ. ಅದರ ಹೊಟ್ಟೆ."

"ಗಂಡಸು ಎಲ್ಲಿ ಹೋದ್ರೂ ಹೊಟ್ಟೇದೇ ಯೋಚನೆ," ಎಂದು ಅವಳು ಟ್ಯಾಂಕನ್ನು ಮಗುಚಿ ಹಾಕಿದಳು.

ಜಗತ್ತಿನಲ್ಲಿ ಟ್ಯಾಂಕಿನ ಮಾದರಿ ಮಾಡುವವರೆಲ್ಲ ಮೇಲ್ಭಾಗಕ್ಕೆ ಜೀವ ತೇಯುತ್ತಾರಂತೆ. ಅಡಿಭಾಗವನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಯಾರೂ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲ ಉಲ್ಟಾ. ಮೇಲ್ಭಾಗ ಪುಸ್ತಕ ನೋಡಿ ಮಾಡಿದ್ದು. ಅಡಿಭಾಗ ಮಾತ್ರ ಸಾಕ್ಷಿಯ ಹೇಳಿಕೆಯ ಪ್ರಕಾರ. ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ನೆನಪು ಬಂದದ್ದನ್ನು ಹೇಳುತ್ತಿದ್ದೆ. ಮುಂದಿನ ತಗಡಿಗೆ ಯಾವಾಗಲೋ ತೇಪೆ ಹಾಕಿದ್ದರು, ಬೆಸುಗೆ ಹಾವಿನ ಹಾಗೆ ವಕ್ರವಾಗಿ ಓಡಿತ್ತು. ಎಳೆಯುವ ಕೊಕ್ಕೆ ಬಾಗಿತ್ತು. ಮಣ್ಣುತಡೆಯ ತಗಡು ಕಳಚಿ ಬೀಳದಂತೆ ಯಾರೋ ತಂತಿಯಲ್ಲಿ ಬಿಗಿದಿದ್ದರು, ಆ ತಂತಿಗೆ ಚಿಂದಿ ಬಟ್ಟೆಯೊಂದು ಸಿಕ್ಕಿಕೊಂಡಿತ್ತು. ಅವಳು ಹಲ್ಲಿನ ಸಂದು ತುಂಬುವ ಪುಟ್ಟಿಯನ್ನು ನೂಲಿನಷ್ಟು ತೆಳ್ಳಗೆ ಹೊಸೆದು, ಅಂಟಿಸಿ, ಚಾಕುವಿನ ಮೊನೆಯಲ್ಲಿ ಒತ್ತಿ ಒತ್ತಿ ಬೆಸುಗೆ ಮಾಡಿದಳು.

"ಇನ್ನೂ ವಕ್ರ," ಎಂದೆ.

ತೆಗೆದು ಮತ್ತೆ ಹಾಕಿದಳು.

"ಇಷ್ಟೂ ವಕ್ರ ಅಲ್ಲ."

ಮತ್ತೆ ಹಾಕಿದಳು.

"ಬೆಸುಗೆ ಹಾಕಿದೋನು ಬೇಜಾರಿನಲ್ಲಿ ಹಾಕಿದ್ದ. ನಿಂದು ಉತ್ಸಾಹದಲ್ಲಿ ಹಾಕಿದ ಹಾಗಿದೆ. ಬೇಜಾರು ಬರಲಿ."

"ಬರ್ತಾ ಇದೆ," ಎಂದಳು ಹಲ್ಲು ಕಚ್ಚಿ. (ಅವು ಅವಳ ಸ್ವಂತ ಹಲ್ಲು.)

ಮರುದಿನ ನಾನು ಎದ್ದು ಬರುವಾಗ ಅಡುಗೆಮನೆಯ ಬಾಗಿಲಿಗೆ ಒಂದು ರಟ್ಟು ನೇತುಬಿದ್ದಿತ್ತು. ನನ್ನದೇ ಹಳೆಯ ಕುಂಚ, ನನ್ನದೇ ಕೆಂಪು ಬಣ್ಣ: "ಮೇಸ್ತ್ರಿಯ ದಬ್ಬಾಳಿಕೆಗೆ ಧಿಕ್ಕಾರ. ಬೇಡಿಕೆ ಈಡೇರುವ ತನಕ ಕೆಲಸವಿಲ್ಲ, ಚಹಾ ಇಲ್ಲ." ಅಕ್ಷರ ನನಗಿಂತ ದುಂಡಗಿತ್ತು. ಮುಷ್ಕರಗಳನ್ನು ಕಟ್ಟಿ ಬೆಳೆಸಿದ ನಾನು, ಗೇಟಿನ ಆಚೆ ಬದಿಯಲ್ಲಿ, ಮಾಲೀಕನ ಜಾಗದಲ್ಲಿ ನಿಂತಿದ್ದೆ. ಆ ಜಾಗ ತಣ್ಣಗಿತ್ತು. ಮಾಲೀಕರು ಹೇಳುವ ಮಾತೇ ನನ್ನ ಬಾಯಿಂದಲೂ ಬಂತು: "ಮೊದಲು ಕೆಲಸಕ್ಕೆ ಬಾ, ಆಮೇಲೆ ಮಾತಾಡೋಣ." ಅವಳು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕಿಟಕಿ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಮಾತುಕತೆ ಮುಗಿಯಿತು. ಪಾತ್ರೆ ತೊಳೆಯುವುದು ಆಡಳಿತ ಮಂಡಳಿಯ ಪಾಲಿಗೆ ಬಂತು. "ವಕ್ರ" ಎಂಬ ಪದವನ್ನು ದಿನಕ್ಕೆ ಒಂದೇ ಸಲ ಬಳಸತಕ್ಕದ್ದು ಎಂದೂ ತೀರ್ಮಾನವಾಯಿತು.

ಇಷ್ಟರಲ್ಲಿ ಮೈಕಣ್ಣ ಬಂದ. ನಮ್ಮ ಚಳವಳಿಯಲ್ಲಿ ಮೈಕು ಕೆಟ್ಟಾಗಲೆಲ್ಲ ಇವನನ್ನು ನಿಲ್ಲಿಸುತ್ತಿದ್ದೆವು. ಮೂರು ಬೀದಿಯಾಚೆ ಕೇಳುವ ಗಂಟಲು. ಅವನ ಚಪ್ಪಲಿಯ ಸದ್ದು ಕೇಳಿದ್ದೇ ನಾನು ಟ್ಯಾಂಕಿನ ಮೇಲೆ ಟವೆಲ್ ಹಾಕಿದೆ. ಕೂತವನ ಮೂಗು ಟವೆಲಿನ ಕಡೆ ತಿರುಗಿತು.

"ಏನೋ ಬಿಸಿ ಬಿಸಿ ಮಾಡಿ ಮುಚ್ಚಿಟ್ಟಿದೀರಾ ಅತ್ತಿಗೆ? ನನಗೆ ಗೊತ್ತಾಗಲ್ವಾ?" ಎಂದು ಟವೆಲ್ ಎತ್ತೇಬಿಟ್ಟ.

ಅವನ ಬಾಯಿಯಿಂದ ಧ್ವನಿ ಹೊರಡದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಬಂತು, ಸೂರು ಹಾರುವಂತೆ. "ಟ್ಯಾಂಕು! ನಿನ್ನ ಮನೇಲಿ ಟ್ಯಾಂಕು! ಸಂಗಾತಿಗಳಿಗೆ ಏನಂತ ಹೇಳ್ಲಿ? ಇದನ್ನ ನಾವು ಎದೆ ಕೊಟ್ಟು..." ಅಷ್ಟರಲ್ಲಿ ಅವನ ಕಣ್ಣು ಕೆಳಕ್ಕೆ ಹೋಯಿತು. ಬಗ್ಗಿದ. ಮೂಗು ಟ್ಯಾಂಕಿಗೆ ತಾಗುವಷ್ಟು ಬಗ್ಗಿದ. "ಸರಪಳಿ ಇಷ್ಟು ಬಿಗಿಯಾಗಿರಲಿಲ್ಲ ಅತ್ತಿಗೆ," ಎಂದ ತಗ್ಗಿದ ದನಿಯಲ್ಲಿ. "ಮೇಲಿನ ಗಾಲಿಗಳ ನಡುವೆ ಸ್ವಲ್ಪ ಜೋತು ಬೀಳ್ತಿತ್ತು. ಭಾರಕ್ಕೆ." ಅಂದಿನಿಂದ ಅವನು ವಾರಕ್ಕೆ ಎರಡು ಸಲ ಸರಪಳಿ ನೋಡಲು ಬರುತ್ತಾನೆ. ಸಂಗಾತಿಗಳಿಗೆ ಹೇಳಿಲ್ಲ.

ಕೊನೆಗೆ ಉಳಿದದ್ದು ಎಣ್ಣೆ.

"ಅಡಿಯಿಂದ ಎಣ್ಣೆ ತೊಟ್ಟಿಕ್ತಾ ಇತ್ತು," ಎಂದೆ. "ಸರಿಯಾಗಿ ನನ್ನ ಹಣೆ ಮೇಲೆ."

"ಕಪ್ಪು ಎಣ್ಣೆಯಾ?"

"ಅಲ್ಲ. ಜೇನಿನ ಬಣ್ಣ. ಬಿಸಿ ಇತ್ತು."

ಅವಳು ವಾರ್ನಿಷಿಗೆ ಚೂರೇ ಚೂರು ಕಂದು ಬಣ್ಣ ಕಲಸಿದಳು. ಸೂಜಿಯ ಮೊನೆಯಲ್ಲಿ ಒಂದು ಹನಿ ಎತ್ತಿ, ಮುಂಭಾಗದ ಮುಚ್ಚಳದ ಅಂಚಿನಿಂದ ಕೆಳಕ್ಕೆ ಎಳೆದು, ತುದಿಯಲ್ಲಿ ಹನಿಯನ್ನು ಹಾಗೇ ನಿಲ್ಲಿಸಿದಳು. "ಹೀಗಾ?" ಎಂದು ಟ್ಯಾಂಕನ್ನು ನನ್ನ ಮುಖದ ಮೇಲಕ್ಕೆ ಎತ್ತಿ ಹಿಡಿದಳು.

ನಾನು ಹಣೆ ಒರೆಸಿಕೊಂಡೆ. ಕೈ ತಾನಾಗಿ ಹೋಗಿತ್ತು. ಹಣೆಯ ಮೇಲೆ ಏನೂ ಇರಲಿಲ್ಲ, ಬೆವರು ಬಿಟ್ಟರೆ.

ಅವಳು ಟ್ಯಾಂಕನ್ನು ಕೆಳಗಿಟ್ಟಳು. ಕುಂಚ ಒರೆಸುವ ಬಟ್ಟೆಯ ಶುಭ್ರವಾದ ಮೂಲೆ ಹುಡುಕಿ ನನ್ನ ಹಣೆ ಒರೆಸಿದಳು. "ಹೋಯ್ತು ಬಿಡಿ," ಎಂದಳು. ಚೌಕದ ಆ ದಿನ ಅವಳು ಲ್ಯಾಬಿನಲ್ಲಿ ಯಾರದೋ ದವಡೆಗೆ ಅಚ್ಚು ಹೊಯ್ಯುತ್ತಿದ್ದಳು. ಗಂಡ ಟ್ಯಾಂಕಿನ ಕೆಳಗೆ, ತಮ್ಮ ಟ್ಯಾಂಕಿನ ಒಳಗೆ. ಎರಡೂ ಅವಳಿಗೆ ಗೊತ್ತಿರಲಿಲ್ಲ.

ಭಾಮೈದ ಭಾನುವಾರ ಬಂದ. ಅಕ್ಕ ಲೆಕ್ಕ ಹಾಕಿದ್ದು ಸರಿಯಾಗಿತ್ತು: ಅಕ್ಕ ಕರೆದಾಗ ಬಾರದವನು ಟ್ಯಾಂಕು ಕರೆದಾಗ ಬಂದ. ಮೆಟ್ಟಿಲು ತಡವಿಕೊಂಡು, ಗೋಡೆ ಹಿಡಿದು ಬಂದ. ಕೂದಲು ನೆರೆತಿತ್ತು. ಆದರೂ ಬೆನ್ನು ಮಾತ್ರ ಕವಾಯತಿನಲ್ಲಿದ್ದಂತೆ ನೆಟ್ಟಗಿತ್ತು. ಮೇಜಿನ ಆ ತುದಿಗೆ ಅವನು, ಈ ತುದಿಗೆ ನಾನು.

"ಅಕ್ಕಾ, ಭಾವನ ಮೊಣಕಾಲು ಹೇಗಿದೆಯಂತೆ?"

"ಇದೆ ಅಂತ ಹೇಳೇ ಅವನಿಗೆ," ಎಂದೆ.

"ಅವರ ಭಾಷಣ ಎಲ್ಲ ನಡೀತಾ ಇದೆಯಂತಾ?"

"ಕೇಳೋ ಕಿವಿ ಇರೋತನಕ ನಡೆಯುತ್ತೆ ಅಂತ ಹೇಳು."

"ನಾನೇನು ಟೆಲಿಫೋನ್ ತಂತೀನಾ?" ಎಂದು ಅವಳು ಸಿಡುಕಿದಳು. "ಇದ್ದ ತಂತಿ ಎಲ್ಲ ಟ್ಯಾಂಕು ಎಳೆಯೋ ಹಗ್ಗಕ್ಕೆ ಖರ್ಚಾಗಿದೆ. ಎದುರೆದುರು ಕೂತಿದೀರ, ಬಾಯಿಬಿಟ್ಟು ಮಾತಾಡ್ಕೊಳಿ."

ಅವಳು ಟವೆಲ್ ತೆಗೆದಳು.

ಭಾಮೈದ ಟ್ಯಾಂಕನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಕಣ್ಣಿಗೆ ಒಂದು ಗೇಣು ದೂರಕ್ಕೆ ತಂದ, ಅರ್ಧ ಗೇಣಿಗೆ ತಂದ. ಕಿಟಕಿಯ ಕಡೆ ತಿರುಗಿಸಿ ಓರೆಯಾಗಿ ನೋಡಿದ. ಕಣ್ಣಿನ ಅಂಚಿನಲ್ಲಿ ಮಾತ್ರ ದೃಷ್ಟಿ ಉಳಿದಿತ್ತು. ಜರಡಿಯ ಬಲೆಯ ಮೇಲೆ ಬೆರಳಾಡಿಸಿದ. ತಾಮ್ರದ ಹಗ್ಗವನ್ನು ಉಗುರಿನಲ್ಲಿ ಮೀಟಿದ. ಟಿಶ್ಯೂ ಕಾಗದಕ್ಕೆ ಅಂಟು ಕುಡಿಸಿ ಸುತ್ತಿದ ಟಾರ್ಪಾಲಿನ ಮೇಲೆ, ನನ್ನ ಮಾತ್ರೆಗಳ ಬೆಳ್ಳಿಕಾಗದದಿಂದ ಮಾಡಿದ ಬೆಲ್ಟುಗಳ ಮೇಲೆ ಬೆರಳು ನಿಂತಿತು. ಆಮೇಲೆ ಅವನು, ಯಾರೂ ಮಾಡದ ಕೆಲಸ ಮಾಡಿದ. ಟ್ಯಾಂಕನ್ನು ಮಗುಚಿದ.

ವಕ್ರ ಬೆಸುಗೆಯನ್ನು ಹೆಬ್ಬೆರಳಿನಿಂದ ಸವರಿ ಸಣ್ಣಗೆ ನಕ್ಕ. ತಂತಿಯ ಚಿಂದಿ ಬಟ್ಟೆ ಮುಟ್ಟಿದ. ಬೆರಳು ಎಣ್ಣೆಯ ಹನಿಗೆ ಬಂತು. ಅಲ್ಲೇ ನಿಂತಿತು.

"ಇದನ್ನ ಯಾರು ಹೇಳಿದ್ದು?"

"ಇವರೇ," ಎಂದಳು ಅಕ್ಕ.

ಅವನು ಮುಖ ಎತ್ತಿದ. ಅಷ್ಟು ವರ್ಷಗಳ ಮೇಲೆ ಮೊದಲ ಬಾರಿಗೆ, ನೇರವಾಗಿ ನನ್ನ ಕಡೆಗೆ. "ನಿಮಗೆ ಗೊತ್ತಿತ್ತಾ ಭಾವ?"

"ಏನು ಗೊತ್ತಿರೋದು? ಹಣೆ ಮೇಲೆ ಬಿತ್ತು. ಎಣ್ಣೆ."

"ಗೇರ್ ಎಣ್ಣೆ," ಎಂದ. "ಗೇರ್ ಪೆಟ್ಟಿಗೆ ಒಡೆದಿತ್ತು. ಚೌಕಕ್ಕೆ ತಿರುಗೋ ಮೊದಲೇ ಕಟಕಟ ಅಂತಿತ್ತು, ನಡುವೆ ಬಂದು ಸತ್ತು ನಿಂತುಬಿಡ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಮೇಲೆ ನೀವು ಓಡಿ ಬಂದು ಮಲಗಿದ್ರಿ."

ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ.

"ಅಂದ್ರೆ," ಎಂದೆ, "ನಾವು ಮಲಗೋ ಮುಂಚೆನೇ..."

"ನಿಂತಿತ್ತು. ಮೆಕ್ಯಾನಿಕ್ ಕೆಳಗೆ ನುಗ್ಗಿ ಮುಚ್ಚಳ ಬಿಚ್ಚಬೇಕಿತ್ತು. ಆ ಜಾಗದಲ್ಲಿ ನಿಮ್ಮ ತಲೆ ಇತ್ತು. ಸ್ಪ್ಯಾನರ್ ಹಿಡ್ಕೊಂಡು ಸಂಜೆ ತನಕ ಕಾದ, ಯಾವಾಗ ಏಳ್ತಾರೆ ಇವರು ಅಂತ. ನೀವು ಏಳಲಿಲ್ಲ. ಕೊನೆಗೆ ನಮ್ಮ ಸಾಹೇಬರು 'ಜನಸಮೂಹ ತಡೆಯಿತು' ಅಂತ ಬರೆದ್ರು. ಗಾಡಿ ಕೆಟ್ಟಿತು ಅಂತ ಬರೆಯೋಕ್ಕಿಂತ ಮರ್ಯಾದೆ ಅದು."

ನನ್ನ ಕಣ್ಣೆದುರು ಎಷ್ಟು ವೇದಿಕೆಗಳು, ಎಷ್ಟು ಹಾರಗಳು, ಎಷ್ಟು ಚಪ್ಪಾಳೆಗಳು ಸಾಲಾಗಿ ಹಾದುಹೋದವು! ಇತಿಹಾಸದ ಗಾಲಿಯನ್ನೇ ತಡೆದೆವು ಎಂದುಕೊಂಡಿದ್ದೆ. ತಡೆದದ್ದು ರಿಪೇರಿ ಕೆಲಸ. ನನ್ನ ಹೆಂಡತಿ ಮೊದಲು ಕೆಮ್ಮಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಮೇಜಿಗೆ ಹಣೆ ಒತ್ತಿ, ಬೋಲ್ಟುಗಳೆಲ್ಲ ಅದುರುವಂತೆ ನಕ್ಕಳು. ನಗುತ್ತ ನಗುತ್ತ ಕಣ್ಣೀರು ಒರೆಸಿಕೊಂಡಳು.

ಭಾಮೈದ ನಗಲಿಲ್ಲ. ನಾನೂ ನಗಲಿಲ್ಲ. ನನ್ನ ತಲೆಯಲ್ಲಿ ಒಂದು ಪ್ರಶ್ನೆ ಬಂದು ಕೂತಿತ್ತು, ಅದನ್ನು ಕೇಳದೆ ಎದ್ದರೆ ಜೀವಮಾನದಲ್ಲಿ ಕೇಳಲಾರೆ ಅನ್ನಿಸಿತು.

"ಗೇರ್ ಪೆಟ್ಟಿಗೆ ಸರಿ ಇದ್ದಿದ್ರೆ?" ಎಂದೆ. "ಏನು ಮಾಡ್ತಿದ್ದೆ?"

ಅವನು ಟ್ಯಾಂಕನ್ನು ನೆಟ್ಟಗೆ ಮಾಡಿ ಮೇಜಿನ ಮೇಲಿಟ್ಟ. ಸರಪಳಿ ಮೇಜಿಗೆ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ನೋಡಿದ.

"ಗೊತ್ತಿಲ್ಲ ಭಾವ," ಎಂದ. "ಮುಂದೆ ಹೋಗು ಅಂತ ಕಿವಿಯಲ್ಲಿ ಕೂಗ್ತಿದ್ರು. ನಾನು ಹೋಗಲ್ಲ ಅಂತ ಹೇಳಲಿಲ್ಲ. ಹೋಗ್ತಾ ಇಲ್ಲ ಅಂತ ಹೇಳಿದೆ. ಗಾಡಿ ಹೋಗ್ತಾ ಇಲ್ಲ ಅಂತ. ನೀವು ಊಟಕ್ಕೆ ಕೂತು, ಡ್ರೈವರ್ ನಡುಗಿದ ಅಂದ್ರಿ ನೋಡಿ, ಸಿಟ್ಟು ಬಂದದ್ದು ಅದಕ್ಕಲ್ಲ. ನಡುಗಿದ್ದೆ. ನೀವು ಓಡಿ ಬರುವಾಗ ನಿಮ್ಮ ಮುಖ ಡ್ರೈವರ್ ಇಣುಕೋ ಸೀಳಿನಲ್ಲಿ ನೋಡಿದಾಗಿನಿಂದ ನಡುಗ್ತಿದ್ದೆ. ಗಾಡಿ ಸರಿ ಇದ್ದಿದ್ರೆ ಏನು ಮಾಡ್ತಿದ್ದೆ ಅಂತ ಗೊತ್ತಿಲ್ಲದೆ, ನಿಮ್ಮ ಪಕ್ಕ ಕೂತು ತುತ್ತು ಹೇಗೆ ನುಂಗ್ಲಿ?"

ನಾನೂ ಬಾಯಿಬಿಟ್ಟೆ: "ಅದು ಕದಲಿದ್ರೆ ನಾನು ಮಲಗೇ ಇರ್ತಿದ್ನಾ, ಎದ್ದು ಓಡ್ತಿದ್ನಾ, ನನಗೂ ಗೊತ್ತಿಲ್ಲ ಕಣಪ್ಪ. ಮಲಗಿದ ಗಳಿಗೆಯಿಂದ ಕಾಲು ಜೋಮು ಹಿಡಿದಿತ್ತು. ಓಡೋಕೆ ಆಗ್ತಿರಲಿಲ್ಲ ಅನ್ಸುತ್ತೆ."

"ಇವರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ," ಎಂದಳು ನನ್ನ ಹೆಂಡತಿ ಮೂಗೊರೆಸುತ್ತ. "ಒಳ್ಳೇದಾಯ್ತು, ಗೊತ್ತಾಗೋ ಹಾಗಾಗಲಿಲ್ಲ. ಟ್ಯಾಂಕು ಆ ಕಡೆ ಸರಿಸಿ. ತಟ್ಟೆ ಹಾಕ್ತೀನಿ."

ಅವನು ಉಂಡ. ಎರಡನೇ ಸಲ ಹಾಕಿಸಿಕೊಂಡೂ ಉಂಡ. ನೀರಿನ ಲೋಟ ಎಲ್ಲಿದೆ ಎಂದು ಕೈ ಮೇಜಿನ ಮೇಲೆ ತಡಕಾಡಿದಾಗ ನಾನು ಲೋಟವನ್ನು ಅವನ ಬೆರಳಿಗೆ ತಾಗಿಸಿದೆ. "ಥ್ಯಾಂಕ್ಸ್ ಅಕ್ಕ," ಎಂದ. ನಾನು ತಿದ್ದಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಕೈ ತೊಳೆದು ಬಂದ ಭಾಮೈದ ಟ್ಯಾಂಕನ್ನು ಮತ್ತೆ ತಡವಿದ, ಅದರ ಮುಂದಿನ ಖಾಲಿ ಜಾಗವನ್ನೂ ತಡವಿದ. "ಅಕ್ಕಾ, ಎಲ್ಲ ಇದೆ. ಆದರೆ ನಾನು ನೋಡಿದ್ದು ಟ್ಯಾಂಕನ್ನಲ್ಲ. ಟ್ಯಾಂಕಿನೊಳಗೆ ಕೂತೋನಿಗೆ ಟ್ಯಾಂಕು ಕಾಣಲ್ಲ. ಮುಂದೆ ಮಲಗಿದ್ದ ಜನ ಎಲ್ಲಿ?"

ನನ್ನ ಹೆಂಡತಿಯ ಕಣ್ಣಲ್ಲಿ ಹೊಳಪು ಕಂಡಿತು. ಆ ಹೊಳಪು ಬಂದಾಗಲೆಲ್ಲ ನನ್ನದೊಂದು ವಸ್ತು ಹೋಗುತ್ತದೆ ಎಂದು ಗೊತ್ತಿತ್ತು. ಈ ಸಲ ಹೋದದ್ದು ನಾನೇ.

ಈಗ ವಾರಕ್ಕೆ ಮೂರು ದಿನ ನಾನು ನಡುಮನೆಯ ನೆಲದ ಮೇಲೆ ಅಂಗಾತ ಮಲಗುತ್ತೇನೆ. ಅವಳು ಹಲ್ಲಿನ ಅಳತೆ ಹಿಡಿಯುವ ಕೈವಾರದಿಂದ ನನ್ನ ಮೂಗು, ಕಿವಿ, ಗಲ್ಲ ಅಳೆದು ಮೂವತ್ತೈದರಿಂದ ಭಾಗಿಸುತ್ತಾಳೆ. ಆ ಲೆಕ್ಕದಲ್ಲಿ ನಾನು ತೋರುಬೆರಳಿನ ಎರಡು ಗೆಣ್ಣಿನಷ್ಟಿದ್ದೇನೆ. ಭಾಮೈದ ಕುರ್ಚಿಯಲ್ಲಿ ಕೂತು ಆಜ್ಞೆ ಕೊಡುತ್ತಾನೆ.

"ಭಾವ, ಹೊಟ್ಟೆ ಒಳಗೆ ಎಳ್ಕೊಳಿ. ಅಂದು ಇಷ್ಟಿರಲಿಲ್ಲ."

"ಎಳ್ಕೊಂಡೇ ಇದೀನಪ್ಪ."

"ಹಂಗಾದ್ರೆ ಟ್ಯಾಂಕಿನ ಅಡಿಗೆ ಹಿಡಿಸಲ್ಲ," ಎನ್ನುತ್ತಾಳೆ ಅವಳು. "ಮೈಕಣ್ಣ, ಸ್ವಲ್ಪ ಒತ್ತಿ ಹಿಡೀರಿ."

ಮೈಕಣ್ಣ ಒತ್ತುತ್ತಾನೆ. ತಾನೂ ಅಂದು ನನ್ನ ಬಲಗಡೆ ಮಲಗಿದ್ದೆ ಎಂದು ಅವನು ವರ್ಷಗಳಿಂದ ಹೇಳಿಕೊಂಡು ಬಂದವನು. ಭಾಮೈದ ಕೇಳಿದ: "ಯಾವ ಬಣ್ಣದ ಅಂಗಿ ಹಾಕಿದ್ರಿ?" ಮೈಕಣ್ಣ ಸೂರು ನೋಡಿದ. ಅಂದು ಅವನು ಪಕ್ಕದ ಗಲ್ಲಿಯಲ್ಲಿ ಕೂಗುತ್ತಿದ್ದನಂತೆ. ಒಳ್ಳೆಯ ಕೂಗು, ಅಲ್ಲಿಯವರೆಗೂ ಕೇಳಿಸುತ್ತಿತ್ತು ಎಂದು ಭಾಮೈದನೇ ಸಮಾಧಾನ ಹೇಳಿದ. ಭಾಮೈದನಿಗೆ ಮಲಗಿದ್ದವರೆಲ್ಲ ನೆನಪಿದ್ದಾರೆ. ಸಂಜೆಯ ತನಕ ಆ ಸೀಳಿನಲ್ಲಿ ನೋಡಲು ಅವನಿಗೂ ಬೇರೇನೂ ಇರಲಿಲ್ಲ. ಒಂಬತ್ತು ಜನ. ನಾನು ಒಬ್ಬ. ಒಂದು ಚಪ್ಪಲಿ ಕಳೆದುಕೊಂಡಿದ್ದೆನಂತೆ; ನನಗೆ ನೆನಪಿಲ್ಲ, ಅವನಿಗಿದೆ. ಇನ್ನಿಬ್ಬರು ಈಗಿಲ್ಲ, ಅವರ ಮನೆಯವರಿಂದ ಫೋಟೋ ತಂದಿದ್ದೇವೆ. ಉಳಿದವರು ಆರು ಮಂದಿ. ಹಳದಿ ಅಂಗಿಯವನು. ಕೈಯಲ್ಲಿ ಊಟದ ಡಬ್ಬಿ ಬಿಡದೆ ಮಲಗಿದ್ದ ಹೆಂಗಸು. ಒಬ್ಬರನ್ನೊಬ್ಬರು ಕೈ ಹಿಡಿದುಕೊಂಡಿದ್ದ ಇಬ್ಬರು. ಕನ್ನಡಕ ತೆಗೆದು ಎದೆಯ ಮೇಲಿಟ್ಟುಕೊಂಡವನು. ನಿದ್ದೆಯೇ ಹೋಗಿಬಿಟ್ಟಿದ್ದ ಒಬ್ಬ ಮಹಾನುಭಾವ.

ಸಭೆಗಳಲ್ಲಿ "ನಾನೂ ಅಂದು ಅಲ್ಲಿ ಮಲಗಿದ್ದೆ" ಎನ್ನುವವರನ್ನು ಲೆಕ್ಕ ಹಾಕಿದರೆ ಚೌಕ ಸಾಲದು, ಪಕ್ಕದ ಮಾರುಕಟ್ಟೆಯನ್ನೂ ಖಾಲಿ ಮಾಡಿಸಬೇಕು. ಆದ್ದರಿಂದ ಇದನ್ನು ಓದುತ್ತಿರುವ ನಿಮ್ಮನ್ನೇ ಕೇಳುತ್ತಿದ್ದೇನೆ, ಆ ಕಡೆ ಈ ಕಡೆ ನೋಡಬೇಡಿ. ಆ ಆರು ಮಂದಿಯಲ್ಲಿ ನೀವೊಬ್ಬರಾಗಿದ್ದರೆ, ಈ ವಾರವೇ ನಮ್ಮ ಮನೆಗೆ ಬನ್ನಿ. ಮೂಗಿನ ಅಳತೆ ಕೊಡಿ. ತಲೆ ಯಾವ ಕಡೆಗಿತ್ತು ಹೇಳಿ. ಟ್ಯಾಂಕು ಕೆಟ್ಟು ನಿಂತಿತ್ತು ಎಂದು ನಾಚಬೇಡಿ. ಮಲಗುವಾಗ ಅದು ನಮಗೆ ಗೊತ್ತಿರಲಿಲ್ಲ. ಆ ಆರರಲ್ಲಿ ನೀವಿಲ್ಲದಿದ್ದರೆ, ಇನ್ನು ಮೇಲೆ ಭಾಷಣದಲ್ಲಿ ಹಾಗೆ ಹೇಳುವುದನ್ನು ನಿಲ್ಲಿಸಿ. ಆ ಆರು ಮಂದಿಗಾಗಿ ನೆಲ ಗುಡಿಸಿದೆ, ಚಾಪೆ ಹಾಸಿದೆ. ಬಂದು ಮಲಗಿ. ಭಾಮೈದನಿಗೆ ಕಣ್ಣು ಕಾಣುತ್ತಿರುವಾಗಲೇ ಬನ್ನಿ.